ಜಯಶಾಲಿಯ ಸೂತಕ

ಯುದ್ಧದಲ್ಲಿ ಶತ್ರುವನ್ನು ಕೊಂದವನಿಗೆ ಆ ಕೊಲೆಯ ಲೇಪವುಂಟೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ ನಾವು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಆ ಯುದ್ಧ ಧರ್ಮ್ಯವಾದುದೋ ಅಲ್ಲವೋ ಎಂಬುದನ್ನು. ಧರ್ಮ್ಯವೆಂದು ತೀರ್ಮಾನವಾಯಿತೆಂದರೆ ಯೋಧನನ್ನು ನಿರ್ದೋಷಿಯೆಂದು ಕಳುಹಿಸಿಕೊಟ್ಟು, ಸಾಧ್ಯವಾದರೆ ಕೊರಳಿಗೊಂದು ಹಾರವನ್ನೂ ಹಾಕಿ, ವಿಷಯವನ್ನು ಅಲ್ಲಿಗೆ ಮುಗಿಸಿಬಿಡುತ್ತೇವೆ. ಅಮೆರಿಕೆಯ ನೈರುತ್ಯದಲ್ಲಿ, ಆರಿಜೋನಾ ಮತ್ತು ನ್ಯೂ ಮೆಕ್ಸಿಕೊ ಸೀಮೆಗಳ ಒಣನೆಲದಲ್ಲಿ ಕುರಿ ಸಾಕಿ ಮುಸುಕಿನ ಜೋಳ ಬೆಳೆದು ಬಾಳಿಕೊಂಡು ಬಂದಿರುವ ನವಾಹೋ ಜನರಾದರೋ ಈ ಪ್ರಶ್ನೆಯನ್ನು ಬೇರೊಂದು ತುದಿಯಿಂದ ಹಿಡಿಯುತ್ತಾರೆ. ಕೊಂದವನು ಈಗ ಸ್ವಸ್ಥನಾಗಿರುವನೇ, ಇಲ್ಲದಿದ್ದರೆ ಅವನನ್ನು ಸ್ವಸ್ಥನನ್ನಾಗಿ ಮಾಡುವ ಹೊಣೆ ಯಾರದು ಎಂಬುದು ಅವರ ಚಿಂತೆ.

ಎರಡನೆಯ ಮಹಾಯುದ್ಧದಲ್ಲಿ ಈ ಜನಾಂಗದ ತರುಣರು ತಮ್ಮ ನುಡಿಯಿಂದಲೇ ಒಂದು ಗುಪ್ತಸಂಕೇತವನ್ನು ಕಟ್ಟಿ ಮೆರೀನ್ ದಳಕ್ಕೆ ನೆರವಾದ ಕಥೆ ಈಗ ಬಹುಮಂದಿಗೆ ತಿಳಿದದ್ದೇ. ಮಿಷನರಿಯೊಬ್ಬರ ಮಗನಾಗಿ ನವಾಹೋ ಸೀಮೆಯಲ್ಲಿ ಬೆಳೆದ ಫಿಲಿಪ್ ಜಾನ್‌ಸ್ಟನ್ ಎಂಬಾತನ ಸೂಚನೆಯಂತೆ 1942ರ ಮೇ ತಿಂಗಳಲ್ಲಿ 29 ಮಂದಿಯನ್ನು ಸೇರಿಸಿಕೊಂಡರು. ಟ್ಯಾಂಕಿಗೆ ಆಮೆ, ಕೈಬಾಂಬಿಗೆ ಆಲೂಗೆಡ್ಡೆ, ಜಲಾಂತರ್ಗಾಮಿ ನೌಕೆಗೆ ಕಬ್ಬಿಣದ ಮೀನು ಎಂಬಂತೆ ಅವರು ಹೆಸರಿಟ್ಟುಕೊಂಡರು. ಯುದ್ಧ ಮುಗಿಯುವ ಹೊತ್ತಿಗೆ ಈ ಕೆಲಸ ಮಾಡಿದವರ ಸಂಖ್ಯೆ ಸುಮಾರು 400ಕ್ಕೆ ಏರಿತ್ತು. ಇದೇ ನುಡಿಯನ್ನು ಆಡಿದ್ದಕ್ಕಾಗಿ ಸರ್ಕಾರದ ವಸತಿಶಾಲೆಗಳಲ್ಲಿ ಇವರ ಬಾಯನ್ನು ಸಾಬೂನಿನಿಂದ ತೊಳೆಸಿದ್ದರೆಂಬುದನ್ನೂ, ಯುದ್ಧದಿಂದ ಮರಳಿದ ಮೇಲೆಯೂ 1948ರವರೆಗೆ ಆ ಎರಡು ರಾಜ್ಯಗಳಲ್ಲಿ ಇವರಿಗೆ ಮತದಾನದ ಹಕ್ಕು ದೊರೆಯಲಿಲ್ಲವೆಂಬುದನ್ನೂ ಇಲ್ಲಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಆ ಅನ್ಯಾಯ ವಿಸ್ತಾರವಾದ ಬೇರೆ ಪ್ರಬಂಧವನ್ನೇ ಬೇಡುವಂಥದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚೆಸ್ಟರ್ ನೆಜ್ ಎಂಬವರ ವೃತ್ತಾಂತ. ಮೊದಲ 29 ಮಂದಿಯಲ್ಲಿ ಕಟ್ಟಕಡೆಯವರೆಗೂ ಉಳಿದು, 2011ರಲ್ಲಿ ತಮ್ಮ ಅನುಭವವನ್ನು ಗ್ರಂಥವಾಗಿ ಪ್ರಕಟಿಸಿ, 2014ರಲ್ಲಿ ತೀರಿಕೊಂಡವರು ಅವರು. 1942ರ ನವೆಂಬರಿನಲ್ಲಿ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಅವರೂ ಜೊತೆಗಾರನೊಬ್ಬನೂ ಕಂದಕದಲ್ಲಿ ಕುಳಿತು, ಒಬ್ಬನು ಕೈಯಿಂದ ತಿರುಗಣೆ ತಿರುಗಿಸಿ ರೇಡಿಯೊ ಯಂತ್ರಕ್ಕೆ ವಿದ್ಯುತ್ತನ್ನು ಒದಗಿಸುತ್ತಿರಲು ಇನ್ನೊಬ್ಬನು ಮಾತನಾಡಿ ಕಳುಹಿಸಿದ ಮೊದಲ ವಾರ್ತೆ ಜಪಾನೀಯರ ಮೆಷಿನ್ ಗನ್ನಿನ ಅಡಗುತಾಣವೊಂದರ ನೆಲೆಯನ್ನು ತಿಳಿಸುವಂಥದು. ಸ್ವಲ್ಪ ಹೊತ್ತಿನಲ್ಲಿಯೇ ಗುಂಡುಗಳು ಬಂದು ಬಿದ್ದು ಆ ತಾಣ ನಾಶವಾಯಿತು. ಹಾಗಾದರೆ ಅಲ್ಲಿದ್ದವರನ್ನು ಕೊಂದವನು ಯಾರು? ದೂರದಲ್ಲಿ ಕುಳಿತು ಗುರಿ ಹಿಡಿದ ಫಿರಂಗಿಯವನೇ, ಮಾತಾಡಿದವನೇ, ತಿರುಗಣೆ ತಿರುಗಿಸಿದವನೇ? ನಮ್ಮ ಧರ್ಮಶಾಸ್ತ್ರಕಾರರು ಇಂಥ ಸಂದರ್ಭವನ್ನು ಊಹಿಸಿದ್ದರೋ ಎಂಬಂತೆ, ಮಾಡಿದವನನ್ನು ಮಾತ್ರವಲ್ಲದೆ ಮಾಡಿಸಿದವನನ್ನೂ ಪ್ರೇರಿಸಿದವನನ್ನೂ ಅನುಮೋದಿಸಿದವನನ್ನೂ ಕರ್ಮಫಲಕ್ಕೆ ಭಾಗಿಗಳನ್ನಾಗಿ ಮಾಡಿದ್ದಾರೆ. ನವಾಹೋ ಜನರಿಗೂ ಈ ವಿಷಯದಲ್ಲಿ ಸಂದೇಹವಿರಲಾರದು. ಏಕೆಂದರೆ ಅವರ ನಂಬಿಕೆಯಲ್ಲಿ ವಾಕ್ಕೇ ಒಂದು ಕ್ರಿಯೆ. ಜಗತ್ತು ನೆಲೆಗೊಂಡದ್ದು ಗಾನದಿಂದ, ಪ್ರಾರ್ಥನೆಯಿಂದ. ರೋಗಿಯ ಮುಂದೆ ರಾತ್ರಿಯಿಡೀ ಹಾಡುವ ಗಾಯಕ ಪುರೋಹಿತನು ಒಂದು ಪದವನ್ನು ತಪ್ಪಿದರೂ ಕರ್ಮ ಕೆಡುತ್ತದೆ. ಐವೊ ಜಿಮಾ ದ್ವೀಪದಲ್ಲಿ, 1945ರ ಫೆಬ್ರವರಿಯಲ್ಲಿ, ಮೊದಲ ಎರಡು ಹಗಲು ಎರಡು ರಾತ್ರಿಗಳೊಳಗೆ ಆರು ಮಂದಿ ನವಾಹೋ ಯೋಧರು 800ಕ್ಕೂ ಮೀರಿದ ವಾರ್ತೆಗಳನ್ನು ಒಂದು ತಪ್ಪೂ ಇಲ್ಲದಂತೆ ಸಾಗಿಸಿದರೆಂದು ಮೇಜರ್ ಹೋವರ್ಡ್ ಕಾನರ್ ಹೊಗಳಿರುವರಷ್ಟೆ. ಮಂತ್ರಕ್ಕೆಂದು ಪೀಳಿಗೆಗಳಿಂದ ಸಾಧಿಸಿದ್ದ ಆ ನಿಷ್ಠೆಯೇ ಇಲ್ಲಿ ಮಾರಣಕ್ಕೆ ಒದಗಿತೆಂದು ನನಗೆ ತೋರುತ್ತದೆ. ಹೊಗಳಿಕೆಯನ್ನು ಓದುವಾಗ ಸಂತೋಷದೊಡನೆ ಒಂದು ಬಗೆಯ ಅಂಜಿಕೆಯೂ ಆಗುತ್ತದೆ.

ಇದರ ಮೇಲೆ ಶವಗಳ ಸಂಪರ್ಕ ಬೇರೆ. ಮನೆಯೊಳಗೆ ಯಾರಾದರೂ ಸತ್ತರೆ ಆ ಮನೆಯನ್ನೇ ಬಿಟ್ಟು ಹೋಗುವ, ಸತ್ತವನ ಹೆಸರನ್ನು ಬಾಯಲ್ಲಿ ಆಡಲು ಹಿಂಜರಿಯುವ, ಪ್ರೇತದ ಸೋಂಕಿನಿಂದ ರೋಗ ಬರುವುದೆಂದು ನಂಬುವ ಸಂಪ್ರದಾಯದಲ್ಲಿ ಬೆಳೆದ ಹುಡುಗರು ಆ ದ್ವೀಪಗಳಲ್ಲಿ ಹೆಣಗಳ ನಡುವೆ ನಡೆಯಬೇಕಾಯಿತು, ಹೆಣಗಳ ಪಕ್ಕದಲ್ಲಿ ನಿದ್ರಿಸಬೇಕಾಯಿತು. ಸೊಂಟದ ಚೀಲದಲ್ಲಿಟ್ಟುಕೊಂಡಿದ್ದ ಜೋಳದ ಪರಾಗವನ್ನು ಒಂದು ಚಿಟಿಕೆ ನಾಲಗೆಗೂ ನೆತ್ತಿಗೂ ಮುಟ್ಟಿಸಿ ಪ್ರಾರ್ಥಿಸುವುದೊಂದೇ ಅವರಿಗಿದ್ದ ರಕ್ಷೆ. ಊರಿಗೆ ಬಂದ ನೆಜ್‌ರನ್ನು ಕನಸಿನಲ್ಲಿ ಜಪಾನೀ ಸೈನಿಕರು ಬಿಡಲಿಲ್ಲ. ನೌಕಾಸೈನ್ಯದ ಆಸ್ಪತ್ರೆ ಯುದ್ಧದ ಬಳಲಿಕೆಯೆಂದು ಚಿಕಿತ್ಸೆ ಮಾಡಿ ಕಳುಹಿಸಿತ್ತು. ತಂದೆಗೆ ಮಾತ್ರ ಮಗನ ಬೆನ್ನುಹತ್ತಿ ಬಂದವರು ಯಾರೆಂಬುದು ಸ್ಪಷ್ಟವಾಗಿತ್ತು. ಮನೆಯವರು ಶತ್ರುಶಾಂತಿ ಎನ್ನಬಹುದಾದ ಕರ್ಮವನ್ನು ಮಾಡಿಸಿದರು.

ಆ ಕರ್ಮ ಬೇಸಿಗೆಯಲ್ಲಿ ಮೂರು ದಿನ ನಡೆಯತಕ್ಕದ್ದು. ಶತ್ರುವಿನ ಕೂದಲೋ ಬಟ್ಟೆಯ ಚೂರೋ ಒಂದು ಕುರುಹು ಬೇಕು. ಸಿಂಗರಿಸಿದ ಕೋಲೊಂದನ್ನು ದೂರದ ಮತ್ತೊಂದು ಬಿಡಾರಕ್ಕೆ ಕುದುರೆಯ ಮೇಲೆ ಒಯ್ಯುತ್ತಾರೆ. ಅಲ್ಲಿಯವರು ಕೋಲನ್ನು ಸ್ವೀಕರಿಸಿದರೆಂದರೆ ರೋಗಿಯ ಕಷ್ಟದಲ್ಲಿ ಅವರೂ ಕೈಗೂಡಿಸಿದಂತೆ. ರೋಗಿಯ ಮೈಗೆ ಕಪ್ಪು ಬಳಿದು, ಆ ಕುರುಹಿನ ಮೇಲೆ ಬೂದಿ ಚೆಲ್ಲಿ, ಪ್ರೇತವನ್ನು ದೂರಮಾಡುತ್ತಾರೆ. ಹಾಡು, ಕುಣಿತ, ಉಡುಗೊರೆ, ಊಟ ಎಲ್ಲವೂ ಉಂಟು. ನೂರಾರು ನೆಂಟರಿಷ್ಟರು ನೆರೆಯುತ್ತಾರೆ. ಫಾದರ್ ಬೆರಾರ್ಡ್ ಹೈಲ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ 1938ರಲ್ಲಿ ಈ ಕರ್ಮದ ಮೂಲಕಥೆಯನ್ನು ಬಹಳ ಶ್ರದ್ಧೆಯಿಂದ ದಾಖಲಿಸಿ ಪ್ರಕಟಿಸಿದರು. ನೆಜ್‌ರ ಕನಸುಗಳು ಇದಾದ ಮೇಲೆ ಬಹುಮಟ್ಟಿಗೆ ಶಮನಗೊಂಡವು. ಗಮನಿಸತಕ್ಕ ಸಂಗತಿಯೆಂದರೆ, ಸಂಕೇತದ ಗುಟ್ಟನ್ನು ಸರ್ಕಾರ 1968ರವರೆಗೆ ಬಿಟ್ಟುಕೊಡಲಿಲ್ಲವಾದ್ದರಿಂದ, ತಾವು ಮಾಡಿದ ಕೆಲಸ ಇಂಥದೆಂದು ಅವರು ತಂದೆಗೂ ಬಿಡಿಸಿ ಹೇಳುವಂತಿರಲಿಲ್ಲ. ತಪ್ಪೊಪ್ಪಿಗೆಯೇ ಇಲ್ಲದೆ ಶುದ್ಧಿ ನಡೆಯಿತು. ನಮ್ಮ ಸೂತಕವನ್ನು ನೆನೆದರೆ ಇದು ಅರ್ಥವಾದೀತು: ತಂದೆ ತೀರಿಕೊಂಡ ಮಗನಿಗೆ ಮೈಲಿಗೆ ತಗಲುವುದು ಅವನು ಅಪರಾಧ ಮಾಡಿದನೆಂದಲ್ಲ, ಸಾವು ಅವನನ್ನು ಮುಟ್ಟಿತೆಂದು.

ನವಾಹೋ ಪುರಾಣವೂ ಇದನ್ನೇ ಹೇಳುತ್ತದೆ. ಸೂರ್ಯನ ಮಕ್ಕಳಾದ ಅವಳಿವೀರರು ಮನುಷ್ಯರನ್ನು ತಿನ್ನುತ್ತಿದ್ದ ರಾಕ್ಷಸರನ್ನೆಲ್ಲ ಸಂಹರಿಸಿದರು. ಹಸಿವು, ಬಡತನ, ಮುಪ್ಪು, ಹೇನು ಈ ನಾಲ್ಕನ್ನು ಮಾತ್ರ, ಅವುಗಳ ವಾದವನ್ನು ಕೇಳಿ, ಉಳಿಸಿದರು. ಇಷ್ಟೆಲ್ಲ ಲೋಕೋಪಕಾರ ಮಾಡಿದ ಮೇಲೆ ಆ ವೀರರೇ ಕಾಯಿಲೆ ಬಿದ್ದು ಕೃಶರಾದರು. ಅವರಿಗೂ ಶಾಂತಿಕರ್ಮ ಬೇಕಾಯಿತು. ವೃತ್ರನನ್ನು ಕೊಂದು ಮೂರು ಲೋಕವನ್ನೂ ಉಳಿಸಿದ ಇಂದ್ರನು ಬ್ರಹ್ಮಹತ್ಯೆಗೆ ಅಂಜಿ ತಾವರೆಯ ದಂಟಿನೊಳಗೆ ಅಡಗಿಕೊಂಡದ್ದನ್ನು ಬಲ್ಲ ನಮಗೆ ಇದು ಹೊಸ ಮಾತೇನೂ ಅಲ್ಲ. ಆದರೆ ಇಂದ್ರನ ಪಾಪವನ್ನು ಭೂಮಿಗೆ, ನೀರಿಗೆ, ಮರಗಳಿಗೆ, ಸ್ತ್ರೀಯರಿಗೆ ಹಂಚಿದರೆಂದು ನಮ್ಮವರು ಹೇಳುವಾಗ, ಕೊಲೆಯಲ್ಲಿ ಪಾಲಿಲ್ಲದವರ ತಲೆಗೆ ಅದನ್ನು ಕಟ್ಟಿದ ಧೋರಣೆಯನ್ನು ನಾನು ಎಂದೂ ಮೆಚ್ಚಲಾರದವನಾಗಿದ್ದೇನೆ. ನವಾಹೋ ಬಂಧುಗಳು ಹಂಚಿಕೊಳ್ಳುವುದು ಪಾಪವನ್ನಲ್ಲ. ಶ್ರಮವನ್ನು, ವೆಚ್ಚವನ್ನು, ಮೂರು ರಾತ್ರಿಯ ಜಾಗರಣೆಯನ್ನು.

ಮೂರು ದಿನದ ಕರ್ಮದಿಂದ ತೊಳೆದುಹೋಗುವುದಾದರೆ ಕೊಲ್ಲುವುದು ಸುಲಭವಾಯಿತಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಸತ್ತ ಶತ್ರುವಿಗೆ ಕೊಂದವನನ್ನು ಹಿಡಿದು ಅಲ್ಲಾಡಿಸುವ ಶಕ್ತಿಯುಂಟೆಂದು ಒಪ್ಪುವ ಜನ ಅವನನ್ನು ಲೆಕ್ಕದ ಅಂಕಿಯನ್ನಾಗಿ ಕಾಣಲಾರರು. ಶತ್ರುವಿನ ಸಾವೂ ಸಾವೇ ಎಂಬ ಅರಿವಿಲ್ಲದೆ ಈ ಕರ್ಮಕ್ಕೆ ಆರಂಭವೇ ಇಲ್ಲ. ಸುಲಭವೆಂಬ ಮಾತನ್ನು ಆ ತಂದೆಯ ಮುಂದೆ ಆಡುವಂತೆಯೂ ಇಲ್ಲ. 1930ರ ದಶಕದಲ್ಲಿ ಹುಲ್ಲುಗಾವಲು ಸವೆಯಿತೆಂಬ ಕಾರಣಕ್ಕೆ ಸರ್ಕಾರ ನವಾಹೋ ಜನರ ಕುರಿಗಳನ್ನು ಹಿಂಡುಹಿಂಡಾಗಿ ಕೊಲ್ಲಿಸಿತ್ತು. ನೆಜ್‌ರ ಮನೆಯ ಹಿಂಡಿನ ಬಹುಪಾಲು ಹಾಗೆಯೇ ಹೋಗಿತ್ತು. ಅದೇ ಸರ್ಕಾರದ ಯುದ್ಧದಿಂದ ಮೈಲಿಗೆ ಹೊತ್ತು ಬಂದ ಮಗನಿಗಾಗಿ ಗಾಯಕನಿಗೆ ದಕ್ಷಿಣೆ ಕೊಟ್ಟು, ನೆರೆದವರಿಗೆಲ್ಲ ಊಟವಿಕ್ಕುವ ಭಾರ ಆ ಕುಟುಂಬದ ಮೇಲೆಯೇ ಬಿತ್ತು. ವಾಷಿಂಗ್ಟನ್ನಿನಲ್ಲಿ ಮೊದಲ 29 ಮಂದಿಗೆ ಚಿನ್ನದ ಪದಕವಿತ್ತದ್ದು 2001ರ ಜುಲೈ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಬದುಕಿದ್ದವರು ಐವರು.