ಹಾಸು, ಹೊಕ್ಕು ಮತ್ತು ಒಂಬತ್ತು ಗಂಟೆಯ ಊಟ

"ತಾಯಿಯಂತೆ ಮಗಳು, ನೂಲಿನಂತೆ ಸೀರೆ." ಈ ಗಾದೆ ಹೆಚ್ಚಾಗಿ ಹೊರಬೀಳುವುದು ಹೆಣ್ಣು ನೋಡಿ ಬಂದವರ ಬಾಯಿಂದ, ಇಲ್ಲವೇ ಸೊಸೆಯ ಮೇಲೆ ಮುನಿದ ಅತ್ತೆಯ ಬಾಯಿಂದ. ಹೊಗಳಿಕೆಗಿಂತ ಕೊಂಕಿಗೇ ಬಳಕೆ ಜಾಸ್ತಿ. ಆದರೆ ಇದನ್ನು ಕಟ್ಟಿದವರಿಗೆ ನೇಯ್ಗೆ ಗೊತ್ತಿತ್ತು. ಅವರು ಸೆರಗಿನ ಸುದ್ದಿ ಎತ್ತಲಿಲ್ಲ, ಅಂಚಿನ ಸುದ್ದಿಯನ್ನೂ ಎತ್ತಲಿಲ್ಲ. ಅಂಗಡಿಯವನು ಬಿಡಿಸಿ ತೋರಿಸುವುದು ಸೆರಗನ್ನು. ಹತ್ತು ಒಗೆತ ಆದಮೇಲೆ ಮಾತಾಡುವುದು ನೂಲು.

ನಂಬಿಕೆಗೂ ಈ ಮಾತು ಸಲ್ಲುತ್ತದೆ. ಕ್ರೈಸ್ತ ಮನೆಗಳಲ್ಲಿ ಸೆರಗಿಗೇನೂ ಕೊರತೆಯಿಲ್ಲ: ಕ್ರಿಸ್‌ಮಸ್ ನಕ್ಷತ್ರ, ಗೋದಲಿ, ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆ, ಮೊದಲ ಪರಮಪ್ರಸಾದದ ಬಿಳಿ ಫ್ರಾಕು. ನೂಲು ಹುಡುಕಬೇಕಾದರೆ ಮುಂಬೈ ಬಳಿಯ ಡೊಂಬಿವಲಿಯಲ್ಲಿ ರಾತ್ರಿ ಒಂಬತ್ತಕ್ಕೆ ಅಡುಗೆಮನೆಗೆ ಬರಬೇಕು. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಜೋತುಬಿದ್ದು ಹೋದ ತಾಯಿ ಆಗಷ್ಟೇ ಚಪ್ಪಲಿ ಬಿಟ್ಟಿರುತ್ತಾಳೆ. ಕುಕ್ಕರ್‌ನ ಆವಿ ಇಳಿದಿಲ್ಲ. ತಟ್ಟೆಗೆ ಕೈಹಾಕಿದ ಹುಡುಗನ ಮಣಿಕಟ್ಟನ್ನು ಅಜ್ಜಿ ಮೆಲ್ಲಗೆ ಹಿಡಿಯುತ್ತಾಳೆ. ಅವನು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಪ್ರಾರ್ಥನೆ ಮುಗಿಸಿ 'ಆಮೆನ್' ಅನ್ನುವುದಕ್ಕೂ ಸಾರಿಗೆ ಕೈ ಚಾಚುವುದಕ್ಕೂ ನಡುವೆ ಒಂದು ಕ್ಷಣವೂ ಇರುವುದಿಲ್ಲ. ಭಕ್ತಿ ಎಷ್ಟು, ಹಸಿವು ಎಷ್ಟು ಎಂದು ಅಳೆಯಹೋಗುವುದು ದಡ್ಡತನ.

ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಮಕ್ಕಳಿಗೆ ಕಲಿಸುವ ಹೊತ್ತನ್ನು ಹೇಳುವಾಗ ದೇವಾಲಯದ ಹೆಸರೆತ್ತುವುದಿಲ್ಲ. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎನ್ನುತ್ತದೆ. ಲೋಕಲ್ ರೈಲಿನಲ್ಲಿ ನಿಂತಾಗ ಎಂಬುದೊಂದನ್ನು ಸೇರಿಸಿಕೊಂಡರೆ ಥಾಣೆ ಜಿಲ್ಲೆಗೆ ಸರಿಹೋಗುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆಯೂ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಸಭೆ ಎಂದೇ ಕರೆಯಿತು.

ಗಾದೆಗೆ ಇನ್ನೂ ಹತ್ತಿರದ ಸಾಕ್ಷಿ ಪೌಲನು ತಿಮೊಥೆಗೆ ಬರೆದ ಎರಡನೇ ಪತ್ರದಲ್ಲಿದೆ. ಹುಡುಗನ ನಂಬಿಕೆಯ ಬೇರು ತೋರಿಸಲು ಪೌಲ ನೆನೆಯುವುದು ಇಬ್ಬರು ಹೆಂಗಸರನ್ನು: ಅಜ್ಜಿ ಲೋವಿ, ತಾಯಿ ಯೂನಿಕೆ. ತಂದೆ ಗ್ರೀಕನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಅಂದರೆ ಅದೂ ಎರಡು ಸಂಸ್ಕೃತಿಗಳ ಮನೆ, ಹೊರಗೆ ಬೇರೆಯದೇ ನಡೆನುಡಿಯ ಪೇಟೆ. ಇದನ್ನು ಬರೆದ ಪೌಲನ ಕಸುಬು ಗುಡಾರ ಮಾಡುವುದು, ಬಟ್ಟೆಯ ಗಟ್ಟಿತನ ಬಲ್ಲವನು ಎಂದುಕೊಳ್ಳಬಹುದು.

ಕರಾವಳಿಯಲ್ಲಂತೂ ನಂಬಿಕೆ ಮತ್ತು ನೂಲು ನಿಜಕ್ಕೂ ಒಂದೇ ಸೂರಿನಡಿ ಇದ್ದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1851ರಲ್ಲಿ ಜಾನ್ ಹಾಲರ್‌ನ ಕೈಯಲ್ಲಿ ನೇಯ್ಗೆ ಕಾರ್ಖಾನೆ ನಡೆಸತೊಡಗಿತು. ಕ್ರೈಸ್ತರಾದವರಿಗೆ ಮಗ್ಗವೂ ಸಿಕ್ಕಿತು, ಮನೆಮನೆಯ ಪ್ರಾರ್ಥನೆಯೂ ಸಿಕ್ಕಿತು.

ಮುಂದೆ ಕರಾವಳಿಯವರು ಮುಂಬೈ ಸೇರಿದರು, ಅಲ್ಲಿಂದ ಥಾಣೆ, ಕಲ್ಯಾಣ, ವಾಶಿ, ನೆರೂಳ್‌ಗಳಿಗೆ ಹಬ್ಬಿದರು. ತೊಡಕು ಇರುವುದು ಇಲ್ಲೇ. ಅಜ್ಜಿಯ ದಪ್ಪಕ್ಷರದ ಬೈಬಲ್ ಕನ್ನಡದ್ದು. ಕೊಂಕಣಿ ಮಾತಾಡುವ ಕಥೋಲಿಕರ ಪ್ರಾರ್ಥನಾ ಪುಸ್ತಕದ ಲಿಪಿಯೂ ಕನ್ನಡವೇ. ಮೊಮ್ಮಗ ಓದುವುದು ಇಂಗ್ಲಿಷ್, ಹಿಂದಿ, ಮರಾಠಿ. ಮಲಯಾಳಿಗಳಿಗೆ 1988ರಲ್ಲಿ ಕಲ್ಯಾಣದಲ್ಲಿ ತಮ್ಮದೇ ಸೀರೋ-ಮಲಬಾರ್ ಧರ್ಮಪ್ರಾಂತ್ಯ ಸಿಕ್ಕಿತು. ನಮ್ಮವರಿಗೆ ಅಷ್ಟು ದೊಡ್ಡ ಆಸರೆ ಇಲ್ಲ, ಅಡುಗೆಮನೆಯೇ ಗತಿ. ಊರಲ್ಲಿ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ ಮಕ್ಕಳು ಒಂಬತ್ತು ದಿನ ತೋಟ ಸುತ್ತಿ ಆಕೆಗೆ ಹೂ ಕೊಯ್ಯುತ್ತಿದ್ದರು. ಥಾಣೆಯ ಮಗುವಿಗೆ ಹೂ ಸಿಗುವುದು ಸ್ಟೇಷನ್ ಹೊರಗಿನ ಪ್ಲಾಸ್ಟಿಕ್ ಪೊಟ್ಟಣದಲ್ಲಿ. ಆದರೂ ಸೆಪ್ಟೆಂಬರ್ 8ರಂದು ಹೊಸ ತೆನೆಯ ಕಾಳು ಹಾಲಿನಲ್ಲಿ ಬಿದ್ದೇ ಬೀಳುತ್ತದೆ.

ಕಲ್ಯಾಣದ ಪಕ್ಕದ ಭಿವಂಡಿ ಪವರ್‌ಲೂಮ್‌ಗಳ ಊರು. ಅಲ್ಲಿ ಯಾವ ಮಗ್ಗವನ್ನು ನೋಡಿದರೂ ಕನ್ನಡದ 'ಹಾಸುಹೊಕ್ಕು' ಬಿಚ್ಚಿಕೊಳ್ಳುತ್ತದೆ. ಉದ್ದಕ್ಕೆ ಬಿಗಿದ ಹಾಸು ಮೊದಲೇ ಸಿದ್ಧವಿರಬೇಕು. ಹೊಕ್ಕಿನ ಎಳೆ ಅದರ ನಡುವೆ ಹೋಗಿಬರುತ್ತಲೇ ಇರಬೇಕು. ಭಾನುವಾರದ ಧರ್ಮಶಿಕ್ಷಣ ತರಗತಿ ಹೊಕ್ಕಿನ ಒಂದು ಎಳೆ ಹಾಕಬಲ್ಲದು. ಹಾಸು ಬಿಗಿಯುವುದು ಅದರ ಕೈಲಾಗುವ ಕೆಲಸವಲ್ಲ. ಮಕ್ಕಳನ್ನು ತರಗತಿಗೆ ಬಿಟ್ಟು ಗೇಟಿನಾಚೆ ಮೊಬೈಲ್ ನೋಡುತ್ತ ನಿಲ್ಲುವ ಅಪ್ಪಂದಿರಿಗೆ ಇದು ರುಚಿಸಲಾರದು. ಗಾದೆಯಲ್ಲಿ ತಂದೆಯ ಹೆಸರಿಲ್ಲವೆಂದು ಅವರು ನುಣುಚಿಕೊಳ್ಳುವಂತೆಯೂ ಇಲ್ಲ.

ತೆರ್ಸ್, ಅಂದರೆ ಸಂಜೆಯ ಜಪಮಾಲೆ, ಮುಗಿದ ಮೇಲೆ ಮಂಗಳೂರು ಮೂಲದ ಕಥೋಲಿಕ ಮನೆಗಳಲ್ಲಿ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ 'ಬೆಸಾಂವ್', ಅಂದರೆ ಆಶೀರ್ವಾದ, ಕೇಳುತ್ತಾರೆ. ಆ ಪದ ಪೋರ್ಚುಗೀಸಿನಿಂದ ಬಂದದ್ದೆಂದು ಅಜ್ಜಿಗೂ ಗೊತ್ತಿರುವುದಿಲ್ಲ, ಮೊಮ್ಮಗಳಿಗೂ ಗೊತ್ತಿರುವುದಿಲ್ಲ. ಮುದುಕಿಯ ಹೆಬ್ಬೆರಳು ಹಣೆಯ ಮೇಲೆ ಶಿಲುಬೆ ಬರೆಯುತ್ತದೆ. ಆಮೇಲೆ ಹುಡುಗಿ ಮಂಚದ ಮೇಲಿನ ಪುಟ್ಟ ತಮ್ಮನ ಬಳಿ ಹೋಗಿ, 'ಇಕಡೆ ಯೇ' ಎಂದು ಮರಾಠಿಯಲ್ಲಿ ಗದರಿಸಿ, ತನ್ನ ಹೆಬ್ಬೆರಳನ್ನು ಅವನ ಹಣೆಗೆ ಒತ್ತುತ್ತಾಳೆ.