ತಿಳಿದೂ ಬಾಯಿ ಬಿಡದವರು

2015ರ ಜುಲೈ 9, ರಂಜಾನ್ ತಿಂಗಳು. ಒಮಾನಿನ ರುಸೈಲ್‌ನ ಕೈಗಾರಿಕಾ ಪ್ರದೇಶದ ಕಚೇರಿಯೊಂದರಲ್ಲಿ ನಾನೂ ಉಪವಾಸವಿದ್ದ ಒಮಾನಿ ಸಹೋದ್ಯೋಗಿಯೂ ಒಂದೊಂದೇ ಕಂಪ್ಯೂಟರಿಗೆ ಬ್ರೌಸರಿನಲ್ಲಿ ವಿಡಿಯೊ ಓಡಿಸುತ್ತಿದ್ದ, ಅಡೋಬಿ ಕಂಪನಿಯ ಫ್ಲ್ಯಾಶ್ ಪ್ಲೇಯರ್‌ನ ಹೊಸ ಆವೃತ್ತಿ ಹಾಕುತ್ತಿದ್ದೆವು. ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನು ಹಳೆಯ ಆವೃತ್ತಿ ಮತ್ತೆ ಮುಟ್ಟುತ್ತಿತ್ತು. ಅಷ್ಟು ಸಂದಿ ಸಾಕು, ಕೇಡಿನ ಪುಟವೊಂದನ್ನು ತೆರೆದರೆ ಇಡೀ ಯಂತ್ರ ಪರರ ವಶ.

ಮನುಷ್ಯ ಬರೆದದ್ದರಲ್ಲಿ ತಪ್ಪಿರುತ್ತದೆ, ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಸರ್ಕಾರಗಳಿಗೆ ಬೇಹುಗಾರಿಕೆಯ ತಂತ್ರಾಂಶ ಮಾರುತ್ತಿದ್ದ ಮಿಲಾನ್‌ನ ಹ್ಯಾಕಿಂಗ್ ಟೀಮ್‌ಗೆ ಈ ದೋಷ ಮೊದಲೇ ಗೊತ್ತಿತ್ತು. ಜುಲೈ 5ರಂದು ಅವರದೇ ಸುಮಾರು 400 ಜಿಬಿ ಕಡತ ಸೋರಿದ ಮೇಲೆಯೇ ಲೋಕಕ್ಕೆ ತಿಳಿದದ್ದು. ಅಡೋಬಿ ತೇಪೆ ಹಾಕಿದ್ದು 8ರಂದು.

ಮೂಡುಬಿದಿರೆಯ ಬಸದಿಯಲ್ಲಿ ಅಜ್ಜ ಹೇಳಿಕೊಟ್ಟಿದ್ದರು: ಹಿಂಸೆ ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು. ತಿಳಿದೂ ಬಚ್ಚಿಟ್ಟದ್ದು ಯಾವುದು? ಮೂರನೆಯದೆಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಊರೆಲ್ಲ ಬಳಸುವ ಬೀಗದ ಗುಟ್ಟನ್ನು ಮಾರುವವನು ಕಳವು ಮಾಡಿಸುವವನೇ. ಅಂಥವನು ಮುರಿಯುವುದು ಏನನ್ನೆಂದು ಸಹೋದ್ಯೋಗಿ ಅರಬಿಯ ಒಂದೇ ಪದದಲ್ಲಿ ಹೇಳಿದ: ಅಮಾನ, ನಂಬಿ ಒಪ್ಪಿಸಿದ್ದು.

ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು; ಬಿರುಕುಗಳು ಮುಗಿದಿಲ್ಲ. ಬೇರೆಯವರ ಬಾಗಿಲಲ್ಲಿ ಬಿರುಕು ಕಂಡರೆ, ದಯವಿಟ್ಟು ಅವತ್ತೇ ಕರೆದು ಹೇಳಿ.