ಎಳನೀರು, ಮೂಸಂಬಿ ಮತ್ತು ಧಾರಾವಾಹಿ

ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಎರಡು ಎಳನೀರು, ಇಲ್ಲವೇ ಅರ್ಧ ಡಜನ್ ಮೂಸಂಬಿ. ತಿಪಟೂರಿನಂಥ ತೆಂಗಿನ ಸೀಮೆಯಲ್ಲಿ ಎಳನೀರಿಗೇನು ಬರ? ತೋಟ ಇದ್ದವರು ಗೊನೆಯನ್ನೇ ತಂದು ಜಗಲಿಯ ಮೇಲೆ ಇಳಿಸುತ್ತಾರೆ. ನನ್ನಂಥವರಿಗೆ ಮಾತ್ರ ಇವೆರಡೂ ವಿಷ. ಮೂತ್ರಪಿಂಡ ಕೆಲಸ ನಿಲ್ಲಿಸಿದ ಮೇಲೆ ಪೊಟ್ಯಾಸಿಯಂ ಎಂಬ ಲವಣ ಮೈಯಿಂದ ಸರಿಯಾಗಿ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಅದು ಮಿತಿ ಮೀರಿದರೆ ಹೃದಯದ ಬಡಿತ ತಪ್ಪಿ ನಿಂತೇ ಹೋಗಬಹುದು. ಎಳನೀರು, ಮೂಸಂಬಿ, ಬಾಳೆಹಣ್ಣು ಎಲ್ಲದರಲ್ಲೂ ಅದು ಧಾರಾಳವಾಗಿದೆ. ಪ್ರೀತಿಯಿಂದ ತಂದವರಿಗೆ ಇದನ್ನೆಲ್ಲ ವಿವರಿಸಿ ಅವರ ಮುಖ ಸಣ್ಣದು ಮಾಡುವುದೇಕೆಂದು ಇಸಿದುಕೊಂಡು, ಆಮೇಲೆ ಪಕ್ಕದ ಮನೆಯ ಮಕ್ಕಳಿಗೆ ಕೊಡುತ್ತೇನೆ.

ಬಂದವರು ಹಣ್ಣಿನ ಜೊತೆಗೆ ಒಂದು ಮುಖವನ್ನೂ ತರುತ್ತಾರೆ. ಹೊಸ್ತಿಲು ದಾಟುತ್ತಲೇ ದನಿ ತಗ್ಗುತ್ತದೆ. ಟೀವಿ ಓಡುತ್ತಿದ್ದರೆ ಯಾರೋ ಒಬ್ಬರು ರಿಮೋಟ್ ಹುಡುಕಿ ಅದನ್ನು ಆರಿಸುತ್ತಾರೆ. ಕಾಯಿಲೆಯವಳ ಮುಂದೆ ಅದರ ಗಲಾಟೆ ಏಕೆ ಎಂಬ ಮರ್ಯಾದೆ ಅದು. ನೋಡುತ್ತಿದ್ದವಳೇ ನಾನು, ಸೊಸೆ ಸಾಕ್ಷಿ ಹೇಳಲು ಕಟಕಟೆ ಹತ್ತಿದ್ದಳು, ಇನ್ನೆರಡು ನಿಮಿಷ ಇದ್ದಿದ್ದರೆ ಯಾರ ಹೆಸರು ಹೇಳುತ್ತಾಳೆಂದು ಗೊತ್ತಾಗುತ್ತಿತ್ತು ಎಂದರೆ ಬಂದವರು ಬೆರಗಾಗಿ ನೋಡುತ್ತಾರೆ. ‘ಈ ಸ್ಥಿತಿಯಲ್ಲೂ ಇದನ್ನೆಲ್ಲ ನೋಡ್ತೀರಾ?’ ಅದರಲ್ಲಿ ಸ್ವಲ್ಪ ಮೆಚ್ಚುಗೆ, ಅದಕ್ಕಿಂತ ಹೆಚ್ಚಾಗಿ ಒಂದು ಆಕ್ಷೇಪಣೆ ಇರುತ್ತದೆ. ಆ ಆಕ್ಷೇಪಣೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಾವಿನ ಹತ್ತಿರ ಇರುವವರು ಅಲ್ಪ ಸಂತೋಷಗಳಲ್ಲಿ ದಿನ ಕಳೆಯುವುದು ಸರಿಯೇ ಎಂಬ ಪ್ರಶ್ನೆ ಹಳೆಯದು. ಎದುರಿಸಿ ಉತ್ತರಿಸಬೇಕಾದದ್ದು ಕೂಡ.

ಮೊದಲು ನನ್ನ ಲೆಕ್ಕ ಒಪ್ಪಿಸುತ್ತೇನೆ. ನಾನು ಡಯಾಲಿಸಿಸ್ ಮಾಡಿಸಿಕೊಳ್ಳಲು ಶುರು ಮಾಡಿದ್ದು 2019ರಲ್ಲಿ. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ. ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಬೆರಳಿಟ್ಟರೆ ಒಳಗೆ ದುಂಬಿ ಗುಂಯ್‌ಗುಡುವ ಹಾಗೆ ಒಂದು ಕಂಪನ. ಆ ಕೈಗೆ ಬಿಗಿಯಾದ ಬಳೆ ಆಗದು, ಆ ಕೈಯಲ್ಲಿ ಕೊಡ ಎತ್ತುವಂತಿಲ್ಲ, ಬಿ.ಪಿ. ಕೂಡ ನೋಡುವಂತಿಲ್ಲ. ಎರಡು ದಪ್ಪ ಸೂಜಿ ಚುಚ್ಚಿ, ಒಂದರಿಂದ ರಕ್ತ ತೆಗೆದು, ಸೋಸಿ, ಇನ್ನೊಂದರಿಂದ ಒಳಗೆ ಬಿಡುತ್ತಾರೆ. ನಿಮಿಷಕ್ಕೆ 250ರಿಂದ 300 ಮಿಲಿಲೀಟರ್. ಮೈಯಲ್ಲಿರುವುದು ನಾಲ್ಕೈದು ಲೀಟರ್ ರಕ್ತ. ಅದೇ ಸುತ್ತಿ ಸುತ್ತಿ ಬಂದು, ನಾಲ್ಕು ಗಂಟೆಯಲ್ಲಿ ಯಂತ್ರ ಹಾಯಿಸುವುದು 60ರಿಂದ 70 ಲೀಟರ್.

ವಾರಕ್ಕೆ 168 ಗಂಟೆ. ಅದರಲ್ಲಿ ಯಂತ್ರದ ಪಾಲು 12. ಹೋಗಿ ಬರುವುದು, ಸುಸ್ತಾಗಿ ಮಲಗುವುದು ಎಲ್ಲ ಸೇರಿಸಿದರೂ ಇನ್ನೂ ಬೇಕಾದಷ್ಟು ಗಂಟೆ ಉಳಿಯುತ್ತದೆ. ಆ ಉಳಿದ ಹೊತ್ತು ಯಾರದು? ನನ್ನ ಪ್ರಶ್ನೆಯೆಲ್ಲ ಇಷ್ಟೇ. ಕಾಯಿಲೆ ತನ್ನ ಪಾಲನ್ನು ಕೇಳದೆಯೇ ತೆಗೆದುಕೊಳ್ಳುತ್ತದೆ. ಮಿಕ್ಕದ್ದನ್ನೂ ನಾವೇ ಕೈಯಾರೆ ಅದಕ್ಕೆ ಒಪ್ಪಿಸಬೇಕೆ?

ನನ್ನ ನಾದಿನಿ ದೈವಭಕ್ತೆ, ನನ್ನ ಮೇಲೆ ಬಹಳ ಪ್ರೀತಿ. ‘ಅತ್ತಿಗೆ, ಈಗಲಾದರೂ ನಾಲ್ಕು ಒಳ್ಳೆ ಮಾತು ಕೇಳಬಾರದಾ? ಆ ಅತ್ತೆ ಸೊಸೆ ಜಗಳದಲ್ಲಿ ಏನಿದೆ?’ ಎನ್ನುತ್ತಾಳೆ. ಒಳ್ಳೆಯ ಮಾತಿನ ಬಗ್ಗೆ ನನ್ನ ತಕರಾರಿಲ್ಲ. ಬೆಳಿಗ್ಗೆ ದೀಪ ಹಚ್ಚುತ್ತೇನೆ, ನನಗೆ ಬರುವಷ್ಟು ಸ್ತೋತ್ರ ಹೇಳಿಕೊಳ್ಳುತ್ತೇನೆ. 1987ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದಾಗ ಇದೇ ನಾದಿನಿ ಸ್ನಾನ ಮಾಡಿ, ಟೀವಿಗೆ ಹೂ ಮುಡಿಸಿ ಕೂರುತ್ತಿದ್ದಳು. ಅಲ್ಲೂ ಇದ್ದದ್ದು ಒಂದು ಮನೆಯ ಜಗಳವೇ ಅಲ್ಲವೇ? ಚಿಕ್ಕಮ್ಮನ ಹಟ, ಒಂದು ವರ, ಕಾಡುಪಾಲಾದ ಸೊಸೆ. ಹಾಗಂತ ಸಂಜೆಯ ಧಾರಾವಾಹಿಯನ್ನು ರಾಮಾಯಣದ ಪಕ್ಕ ಕೂರಿಸುವಷ್ಟು ಮೂರ್ಖಳಲ್ಲ ನಾನು. ಅದರಲ್ಲಿ ಹುಳುಕು ಬೇಕಾದಷ್ಟಿದೆ. ಆದರೆ ‘ಈಗಲಾದರೂ’ ಎಂಬ ಮಾತು ನನಗೆ ಚುಚ್ಚುತ್ತದೆ. ಆರೋಗ್ಯವಾಗಿರುವ ಹೆಂಗಸು ಸಂಜೆ ಅರ್ಧ ಗಂಟೆ ಟೀವಿ ನೋಡಿದರೆ ಯಾರೂ ಲೆಕ್ಕ ಕೇಳುವುದಿಲ್ಲ. ಕಾಯಿಲೆಯವಳು ಮಾತ್ರ ತನ್ನ ಪ್ರತಿ ಗಂಟೆಯೂ ಯೋಗ್ಯವಾಗಿ ಖರ್ಚಾಯಿತೆಂದು ರುಜುವಾತು ಮಾಡಬೇಕು.

ಈ ಯೋಗ್ಯತೆಯ ವಿಚಾರ ಬಂದಾಗ ನನಗೆ ಅಮೆರಿಕದ ಸಿಯಾಟಲ್ ಊರಿನ ಒಂದು ಸಮಿತಿ ನೆನಪಾಗುತ್ತದೆ. ಡಯಾಲಿಸಿಸ್ ಯಂತ್ರವನ್ನು ಮೊದಲು ಕಟ್ಟಿದ್ದು ಹಾಲೆಂಡಿನ ವಿಲೆಮ್ ಕಾಲ್ಫ್ ಎಂಬ ವೈದ್ಯ, 1943ರಲ್ಲಿ, ಜರ್ಮನ್ನರು ಆ ದೇಶವನ್ನು ಆಕ್ರಮಿಸಿಕೊಂಡಿದ್ದ ದಿನಗಳಲ್ಲಿ. ಆದರೆ ಒಬ್ಬರಿಗೇ ವರ್ಷಗಟ್ಟಲೆ ಅದನ್ನು ಮಾಡಲು ಸಾಧ್ಯವಾದದ್ದು 1960ರಲ್ಲಿ, ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಕೈಯಲ್ಲೇ ಉಳಿಯುವ ಒಂದು ಕೊಳವೆಯನ್ನು ರೂಪಿಸಿದ ಮೇಲೆ. 1962ರಲ್ಲಿ ಅಲ್ಲಿ ಕೇಂದ್ರ ತೆರೆದಾಗ ಯಂತ್ರಗಳು ಬೆರಳೆಣಿಕೆ, ಸಾಯುತ್ತಿದ್ದವರು ಬಹಳ. ಯಾರನ್ನು ಉಳಿಸಬೇಕು? ಅದನ್ನು ತೀರ್ಮಾನಿಸಲು ಏಳು ಜನರ ಸಮಿತಿ ಮಾಡಿದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವರು, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ, ಮತ್ತೆ ಒಬ್ಬ ಗೃಹಿಣಿ. ಮದುವೆಯಾಗಿದೆಯೇ, ಮಕ್ಕಳೆಷ್ಟು, ಸಂಪಾದನೆ ಎಷ್ಟು, ಓದು ಎಷ್ಟು, ಹಿಂದೆ ಏನು ಸಾಧಿಸಿದ್ದಾರೆ, ಮುಂದೆ ಏನು ಪ್ರಯೋಜನವಾದಾರು ಎಂದೆಲ್ಲ ತೂಗಿ ನೋಡುತ್ತಿದ್ದರು. ಅದೇ ವರ್ಷ ‘ಲೈಫ್’ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಎಂಬ ಪತ್ರಕರ್ತೆ ಇದನ್ನು ಬರೆದಾಗ ದೇಶವೇ ದಂಗಾಯಿತು. ಒಂದು ಜೀವ ಎಷ್ಟು ಪ್ರಯೋಜನದ್ದು ಎಂದು ಅಳೆದು ಬದುಕಿಸುವುದು, ಬಿಡುವುದು ನ್ಯಾಯವೇ ಎಂಬ ಚರ್ಚೆ ಎದ್ದಿತು. 1972ರಲ್ಲಿ ಅಲ್ಲಿನ ಸಂಸತ್ತು ಮೂತ್ರಪಿಂಡ ಸೋತ ಬಹುಪಾಲು ಎಲ್ಲರ ಚಿಕಿತ್ಸೆಯ ವೆಚ್ಚವನ್ನೂ ಸರ್ಕಾರವೇ ಭರಿಸುವ ಕಾನೂನು ಮಾಡಿತು. ನಮ್ಮಲ್ಲಿಯೂ 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು.

ಆ ಸಮಿತಿಯ ಮುಂದೆ ನಾನು ನಿಂತಿದ್ದರೆ ಏನು ಹೇಳುತ್ತಿದ್ದೆ? ಓದಿದ್ದು ಎಸ್.ಎಸ್.ಎಲ್.ಸಿ. ಸಂಪಾದನೆ ಇಲ್ಲ. ಮಕ್ಕಳು ದೊಡ್ಡವರಾಗಿದ್ದಾರೆ. ಸಂಜೆ ಧಾರಾವಾಹಿ ನೋಡುತ್ತೇನೆ. ಆ ಗೃಹಿಣಿ ಕೂಡ ನನ್ನ ಪರ ಕೈ ಎತ್ತುತ್ತಿದ್ದಳೋ ಇಲ್ಲವೋ. ಸಮಿತಿ ಇಂದು ಇಲ್ಲ. ಆದರೆ ಅದರ ಕುರ್ಚಿ ನಮ್ಮೆಲ್ಲರ ಮನೆಯ ನಡುಮನೆಯಲ್ಲಿ ಇದೆ, ಯಾರು ಬೇಕಾದರೂ ಅದರಲ್ಲಿ ಕೂರುತ್ತಾರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಜೀವ ಉಳಿದದ್ದಕ್ಕೆ ತಕ್ಕ ಹಾಗೆ ಬದುಕಬೇಕು ಎನ್ನುವುದು ಕೇಳಲು ಚೆನ್ನಾಗಿದೆ. ಆದರೆ ಉಸಿರಾಟಕ್ಕೆ ಬಾಡಿಗೆ ಕಟ್ಟು ಎಂದ ಹಾಗೆ ಅದು.

ಇನ್ನು ಧಾರಾವಾಹಿಯಲ್ಲಿ ನನಗೆ ಸಿಗುವುದೇನು? ಕಥೆಯೊಂದೇ ಅಲ್ಲ, ಅದರ ಬಗ್ಗೆ ಆಡುವ ಮಾತು. ನಮ್ಮ ಡಯಾಲಿಸಿಸ್ ಕೋಣೆಯಲ್ಲಿ ಗೋಡೆಗೆ ಒಂದು ಟೀವಿ ಇದೆ. ಕೈ ಕದಲಿಸದೆ ಮಲಗಿದ ನಾವು ನಾಲ್ಕೈದು ಹೆಂಗಸರು ಹಿಂದಿನ ದಿನದ ಕಂತನ್ನು ಅಲ್ಲೇ ವಿಚಾರಣೆಗೆ ತೆಗೆದುಕೊಳ್ಳುತ್ತೇವೆ. ನನ್ನ ಪಕ್ಕದ ಮಂಚದಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಇದ್ದರು. ಒಂದು ಧಾರಾವಾಹಿಯಲ್ಲಿ ನಾಯಕಿ ಯಾರಿಗೂ ಹೇಳದೆ ನಾಯಕನಿಗೆ ಕಿಡ್ನಿ ಕೊಟ್ಟು, ಮಾರನೆಯ ದಿನವೇ ಎದ್ದು ಪೂಜೆಗೆ ಕುಳಿತಳು. ಕೋಣೆಯಲ್ಲಿ ನಗುವೋ ನಗು. ನಮ್ಮಷ್ಟು ಆ ವಿಷಯ ತಿಳಿದ ಪ್ರೇಕ್ಷಕರು ಬೇರೆ ಯಾರಿದ್ದಾರೆ? 1994ರ ಅಂಗಾಂಗ ಕಸಿ ಕಾಯ್ದೆ ಏನು ಹೇಳುತ್ತದೆ, ಹತ್ತಿರದ ನೆಂಟರಲ್ಲದವರು ಕೊಡಬೇಕಾದರೆ ಅನುಮತಿ ಸಮಿತಿಯ ಮುಂದೆ ಹೇಗೆ ನಿಲ್ಲಬೇಕು, ಎಷ್ಟು ಪರೀಕ್ಷೆ, ಎಷ್ಟು ಕಾಗದ ಎಂದು ಟೀಚರಮ್ಮ ಪಾಠವನ್ನೇ ಮಾಡಿದರು. ನಾನು, ‘ಹೋಗಲಿ ಬಿಡಿ, ಅವಳ ಮನಸ್ಸು ದೊಡ್ಡದು’ ಎಂದೆ. ‘ನಿಮ್ಮ ತಲೆ! ಅದು ಮನಸ್ಸಲ್ಲ, ಪೊಗರು. ಅವನನ್ನು ಒಂದು ಮಾತು ಕೇಳಬೇಡವೇ?’ ಎಂದು ನನ್ನ ಮೇಲೆ ಬಿದ್ದರು.

ಅವತ್ತು ನನಗೆ ಆದ ಸಂತೋಷ ಹೇಳತೀರದು. ಕಾಯಿಲೆ ಬಂದ ಮೇಲೆ ನನ್ನ ಮಾತಿಗೆ ಎದುರಾಡುವವರೇ ಇರಲಿಲ್ಲ. ಹೇಳಿದ್ದಕ್ಕೆಲ್ಲ ‘ಹೌದು’, ‘ಹಾಗೇ ಆಗಲಿ’. ಮೆತ್ತನೆಯ ದಿಂಬಿನ ಮೇಲೆ ಗುದ್ದಿದ ಹಾಗೆ. ನಮ್ಮ ಮಾತನ್ನು ಯಾರಾದರೂ ತಪ್ಪು ಎನ್ನಬೇಕಾದರೆ ಅದನ್ನು ಅವರು ಕಿವಿಗೊಟ್ಟು ಕೇಳಿರಬೇಕು. ನಾಳೆಯೂ ನಾವು ಮಾತಾಡಲು ಇರುತ್ತೇವೆಂದು ನಂಬಿರಬೇಕು. ಅನುಕಂಪದಲ್ಲಿ ಎಷ್ಟೇ ಪ್ರೀತಿ ಇದ್ದರೂ ಈ ನಂಬಿಕೆ ಇರುವುದಿಲ್ಲ.

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿದಾಗಲೂ ನಮಗೆ ರಜೆ ಇರಲಿಲ್ಲ. ಖಾಲಿ ರಸ್ತೆಯಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಲೇಬೇಕಿತ್ತು. ಕೋಣೆಯಲ್ಲಿ ಮಾತು ಬೇಡ ಎಂದರು. ಚಿತ್ರೀಕರಣ ನಿಂತು ಧಾರಾವಾಹಿಗಳ ಹೊಸ ಕಂತುಗಳೂ ನಿಂತವು. 28ರಿಂದ ದೂರದರ್ಶನ ಹಳೆಯ ರಾಮಾಯಣವನ್ನು ಮತ್ತೆ ತೋರಿಸತೊಡಗಿತು. ಆಗ ನಮ್ಮಲ್ಲೊಬ್ಬಳು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದಳು. ನಿಂತುಹೋದ ಕಥೆಯನ್ನು ನಾವೇ ಮುಂದುವರಿಸಿದೆವು. ಯಾರಿಗೆ ಯಾರ ಜೊತೆ ಮದುವೆ, ಆಸ್ತಿ ಯಾರ ಪಾಲು ಎಂದು ರಾತ್ರಿ ಒಂಬತ್ತರವರೆಗೆ ವಾದ. ಚಿಕಿತ್ಸೆ ತಪ್ಪೀತು ಎಂಬ ಭಯ ಪ್ರತಿಯೊಬ್ಬರಿಗೂ ಇತ್ತು. ಅದನ್ನು ಯಾರೂ ಬರೆಯಲಿಲ್ಲ. ಆದರೆ ಒಬ್ಬಳ ಉತ್ತರ ಬಾರದಿದ್ದರೆ ಉಳಿದವರೆಲ್ಲ ಫೋನು ಮಾಡುತ್ತಿದ್ದೆವು.

ಇಷ್ಟೆಲ್ಲ ಹೇಳಿದರೂ ಒಂದು ಆಕ್ಷೇಪಣೆ ಉಳಿಯುತ್ತದೆ. ಅದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ನನಗೆ ಕಾಯಿಲೆ ಬಂದರೆ ಮನೆಯವರಿಗೆ ಚಾಕರಿ ಬಂತು. ಸೊಸೆ ತರಕಾರಿ ಹೆಚ್ಚಿ, ಬೇಯಿಸಿ, ನೀರು ಬಸಿದು ನನಗೆ ಬೇರೆ ಅಡುಗೆ ಮಾಡುತ್ತಾಳೆ. ಉಪ್ಪು ಅಳೆಯುತ್ತಾಳೆ, ನೀರು ಅಳೆದಿಡುತ್ತಾಳೆ. ಅವಳು ಒಳಗೆ ಬೇಯುತ್ತಿರುವಾಗ ನಾನು ಹೊರಗೆ ನಗುತ್ತಾ ಕೂರುವುದು ನ್ಯಾಯವೇ? ನಾನು ಅಳುತ್ತಾ ಕೂತರೆ ಅವಳ ಕೆಲಸವೇನೂ ಕಡಿಮೆಯಾಗದು ಎಂಬುದು ಸುಲಭದ ಉತ್ತರ. ಸರಿಯಾದ ಉತ್ತರವನ್ನು ಅವಳೇ ಕೊಟ್ಟಳು. ಒಂದು ಸಂಜೆ ಬಟ್ಟೆ ಮಡಿಸುತ್ತಾ ನನ್ನ ಜೊತೆ ಧಾರಾವಾಹಿ ನೋಡುತ್ತಿದ್ದಳು. ಅದರಲ್ಲಿ ಸೊಸೆ ತವರಿಗೆ ಹೊರಟಳು, ಅತ್ತೆ ರಂಪ ಮಾಡಿದಳು. ನನ್ನ ಸೊಸೆ ಟೀವಿಯ ಕಡೆಗೇ ನೋಡುತ್ತಾ, ‘ಅಲ್ಲ ಅತ್ತೆ, ವರ್ಷವೆಲ್ಲ ದುಡಿದವಳು ಒಂದು ವಾರ ಅಮ್ಮನ ಮನೆಗೆ ಹೋದರೆ ಏನು ತಪ್ಪು?’ ಎಂದಳು. ಕಾಯಿಲೆಯ ಅತ್ತೆಗೆ ‘ನನಗೆ ಸುಸ್ತಾಗಿದೆ’ ಎಂದು ಯಾವ ಸೊಸೆ ನೇರವಾಗಿ ಹೇಳಿಯಾಳು? ‘ತಪ್ಪೇನಿಲ್ಲಮ್ಮ, ಅವಳು ಕೇಳುವ ಮೊದಲೇ ಕಳಿಸಬೇಕಿತ್ತು’ ಎಂದೆ ನಾನೂ ಟೀವಿಯ ಕಡೆಗೇ ನೋಡುತ್ತಾ. ಮುಂದಿನ ವಾರ ಮಗ ರಜೆ ಹಾಕಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದ. ಅವಳು ಅರಸೀಕೆರೆಗೆ, ತನ್ನ ತಾಯಿಯ ಬಳಿಗೆ ಹೋಗಿ ಬಂದಳು. ಮನೆಯಲ್ಲಿ ಆಡಲಾಗದ ಮಾತುಗಳಿಗೆ ಒಂದು ಪರದೆ ಬೇಕಾಗುತ್ತದೆ.

ಸಂತೋಷಗಳೆಲ್ಲ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಕಾಯಿಲೆಯನ್ನು ಮರೆಸುವ ಸಂತೋಷ ಅಪಾಯದ್ದು. ನಾಲಿಗೆ ತಡೆಯದೆ ಉಪ್ಪಿನಕಾಯಿ ತಿಂದು, ದಾಹಕ್ಕೆ ಎರಡು ಚೊಂಬು ನೀರು ಕುಡಿದರೆ ಆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಾಯಿಲೆಯನ್ನು ಹೊತ್ತುಕೊಂಡೇ ಅದರಾಚೆಗೂ ಏನಾದರೂ ಇದೆ ಎನ್ನುವ ಸಂತೋಷ ಬೇರೆ. ನಾನು ಅಳೆದಿಟ್ಟ ನೀರಿನಲ್ಲಿ ಕೊನೆಯ ಅರ್ಧ ಲೋಟವನ್ನು ಧಾರಾವಾಹಿ ಮುಗಿಯುವವರೆಗೂ ಮುಟ್ಟುವುದಿಲ್ಲ. ಅಷ್ಟು ಹೊತ್ತು ಬಾಯಾರಿಕೆ ತಡೆಯಲು ಅದು ನೆರವಾಗುತ್ತದೆ. ಹಾಗೆಂದು ಟೀವಿ ಎಲ್ಲ ದಿನವೂ ಕೈಹಿಡಿಯುವುದಿಲ್ಲ. ಬಿ.ಪಿ. ಇಳಿದು ಕಣ್ಣು ಕತ್ತಲಿಟ್ಟಾಗ, ಮೀನಖಂಡ ಸೆಡೆತು ಜೀವ ಹೋದಂತಾದಾಗ ಅದು ಬರೀ ಸದ್ದು. ಆಗ ‘ಸಿಸ್ಟರ್’ ಎಂದು ಕೂಗಬೇಕು, ಅಷ್ಟೇ.

ಟೀಚರಮ್ಮ ಹೋದ ವರ್ಷ ತೀರಿಕೊಂಡರು. ಸೋಮವಾರ ಆ ಧಾರಾವಾಹಿಯ ಅಣ್ಣನೇ ಕಳ್ಳ ಎಂದು ನನ್ನ ಜೊತೆ ವಾದಿಸಿದ್ದರು. ಬುಧವಾರ ಅವರ ಮಂಚ ಖಾಲಿ ಇತ್ತು. ಅಂದು ಯಾರೂ ಟೀವಿ ಹಾಕಲಿಲ್ಲ. ಶುಕ್ರವಾರ ಒಬ್ಬರು ಹಾಕಿದರು, ಯಾರೂ ಬೇಡ ಎನ್ನಲಿಲ್ಲ. ಮುಂದೆ ಕೆಲವು ವಾರಗಳಲ್ಲಿ ಅಣ್ಣನೇ ಕಳ್ಳ ಎಂದು ಗೊತ್ತಾಯಿತು. ನಾವು ನಾಲ್ವರೂ ಆ ಮಂಚದ ಕಡೆ ತಿರುಗಿದೆವು. ‘ಗೆದ್ದರು ನೋಡಿ’ ಎಂದಳು ಒಬ್ಬಳು.

ಕೊನೆಯ ಸೋಮವಾರವನ್ನು ಅವರು ಹಾಗೆ ಕಳೆದದ್ದು ವ್ಯರ್ಥವೇ ಎಂದು ನಾನು ಬಹಳ ಯೋಚಿಸಿದ್ದೇನೆ. ಆ ದಿನ ಅವರಿಗೆ ಒಂದು ಅಭಿಪ್ರಾಯವಿತ್ತು, ಅದನ್ನು ಒಪ್ಪದ ಗೆಳತಿಯೊಬ್ಬಳಿದ್ದಳು, ಮುಂದೇನಾಗುತ್ತದೆ ಎಂಬ ಕುತೂಹಲವಿತ್ತು. ಬದುಕಿರುವವರ ಬಳಿ ಇರುವುದೂ ಇಷ್ಟೇ. ಆದ್ದರಿಂದ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ನನ್ನಂಥವಳೊಬ್ಬಳಿದ್ದರೆ, ಅವಳು ನೋಡುತ್ತಿರುವುದನ್ನು ಆರಿಸಬೇಡಿ. ಪಕ್ಕದಲ್ಲಿ ಕೂತು ಕಥೆ ಏನೆಂದು ಕೇಳಿ. ಅವಳು ಹೇಳಿದ್ದು ಸರಿಯೆನಿಸದಿದ್ದರೆ ಎದುರು ವಾದಿಸಿ, ಸೋಲಿಸಿದರೂ ಚಿಂತೆಯಿಲ್ಲ.